ಗುಂಡಿ ತೋಡುವುದೇ ಬೇಡ ಅಂದಿರಿ, ಈಗ ನೆಲ ಒಡೆಸಿ ಅಂತೀರಿ

ಗ್ರಾಹಕ ಸೇವಾ ವಿಭಾಗದವರಿಗೆ,

ವಿಷಯ: ನೀವು ಹಾಕಿಕೊಟ್ಟ ಡಾಕ್ ಲೆವೆಲರ್‌ಗಳು (ಲೋಡಿಂಗ್ ಕಟ್ಟೆಗೂ ಲಾರಿಗೂ ನಡುವೆ ಸೇತುವೆಯಾಗುವ, ಮೇಲೆ ಕೆಳಗೆ ಆಡುವ ಪ್ಲೇಟ್) ನಮ್ಮಲ್ಲಿಗೆ ಬರುವ ಲಾರಿಗಳಿಗೆ ಹೊಂದುತ್ತಿಲ್ಲ

ನಮಸ್ಕಾರ.

ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿದೆ. ಪ್ರತಿ ಸಲ ಬೇರೆ ಯಾರೋ ಎತ್ತುತ್ತಾರೆ, ಕಥೆ ಮತ್ತೆ ಮೊದಲಿಂದ ಶುರು. ಅದಕ್ಕೇ ಎಲ್ಲವನ್ನೂ ಬರೆದು ಕಳಿಸುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ನಮ್ಮದು ಹಳೆಯ ಗೋದಾಮು. ಲಾರಿಗೂ ಡಾಕ್ ಕಟ್ಟೆಗೂ ನಡುವೆ ಕಬ್ಬಿಣದ ಹಲಗೆ ಇಟ್ಟು ಲೋಡಿಂಗ್ ಮಾಡುತ್ತಿದ್ದೆವು. ಅದನ್ನು ಎತ್ತಿ ಇಡುವಾಗ ಹುಡುಗರ ಬೆನ್ನು ಹಿಡಿದುಕೊಳ್ಳುತ್ತಿತ್ತು, ಜಾರಿದರೆ ಕಾಲಿನ ಮೇಲೆಯೇ ಬೀಳುತ್ತಿತ್ತು. ಅದು ತಪ್ಪಲಿ ಅಂತಲೇ ನಿಮ್ಮ ಹತ್ತಿರ ಬಂದೆವು. ಲೆವೆಲರ್ ಕೂರಿಸಲು ನೆಲ ಕತ್ತರಿಸಿ, ಗುಂಡಿ ಮಾಡಿ, ಹೊಸ ಕಾಂಕ್ರೀಟ್ ಒಣಗುವ ತನಕ ಬಾಗಿಲು ಮುಚ್ಚಿಕೊಂಡು ಕೂರಲು ನಮ್ಮಿಂದ ಆಗುವುದಿಲ್ಲ ಅಂತ ಮೊದಲೇ ಹೇಳಿದ್ದೆವು. ನಿಮ್ಮ ಮಾರಾಟದವರು ಒಪ್ಪಿದರು. ಕಟ್ಟೆಯ ಅಂಚಿಗೇ ಬೋಲ್ಟ್ ಹಾಕಿ ಕೂರಿಸುವ ಲೆವೆಲರ್ ಇದೆ, ಗುಂಡಿಯೇ ಬೇಡ, ನಿಮ್ಮ ಎಲ್ಲ ಬಾಗಿಲುಗಳಿಗೂ ಅದೇ ಸಾಕು ಅಂದರು.

ಅಂಚಿನ ಲೆವೆಲರ್ ಕೆಟ್ಟ ಸಾಮಾನು ಅಂತ ನಾನು ಹೇಳುತ್ತಿಲ್ಲ. ಒಂದೇ ಎತ್ತರದ ಲಾರಿಗಳು ಬಂದು ನಿಲ್ಲುವ ಕಡೆ ಅದು ಒಳ್ಳೆಯ ಪರಿಹಾರವೇ. ನಮ್ಮ ಡಾಕಿಗೆ ದೊಡ್ಡ ಕಂಟೇನರ್ ಟ್ರೇಲರ್ ಬರುತ್ತದೆ, ಅದರ ಹಿಂದೆಯೇ ತಗ್ಗಿನ ಸಣ್ಣ ಲಾರಿಯೂ ಬರುತ್ತದೆ. ಕಟ್ಟೆಗೂ ಸಣ್ಣ ಲಾರಿಯ ಹಾಸಿಗೂ 200 ಮಿಲಿಮೀಟರಿಗಿಂತ ಜಾಸ್ತಿ ವ್ಯತ್ಯಾಸ ಇದೆ. ನಿಮ್ಮ ಲೆವೆಲರ್ ಕೆಲಸ ಮಾಡುವುದು ಮೇಲಕ್ಕೆ 125, ಕೆಳಕ್ಕೆ 125, ಅಷ್ಟೇ. ಇದು ನಿಮ್ಮದೇ ಕೈಪಿಡಿಯಲ್ಲಿ ಇರುವ ಅಂಕಿ. ಬಂದವರು ಟೇಪ್ ಹಿಡಿದು ಒಂದೇ ಒಂದು ಲಾರಿಯ ಹಾಸಿನ ಎತ್ತರ ಅಳೆದಿದ್ದರೂ ಇದು ಅವತ್ತೇ ಗೊತ್ತಾಗುತ್ತಿತ್ತು, ಅಲ್ವಾ? ಅವರು ಬಾಗಿಲಿನ ಅಗಲ ಅಳೆದರು, ಕಟ್ಟೆಯ ಎತ್ತರ ಅಳೆದರು, ಹೊರಟರು.

ಆ 125ರಲ್ಲೂ ತೊಂದರೆ ಇದೆ. ನಿಮ್ಮ ಪ್ಲೇಟ್ ಮತ್ತು ಲಿಪ್ (ಲಾರಿಯ ಹಾಸಿನ ಮೇಲೆ ಕೂರುವ ತುದಿ) ಎರಡೂ ಸೇರಿದರೆ ಉದ್ದ ಸುಮಾರು 700 ಮಿಲಿಮೀಟರ್. ಡಾಕ್ ಲೆವೆಲರ್‌ನ ಇಳಿಜಾರು ಶೇ. 12.5ಕ್ಕಿಂತ ಜಾಸ್ತಿ ಇರಬಾರದು ಅಂತ ಯುರೋಪಿನ ಇಎನ್ 1398 ಮಾನದಂಡ ಹೇಳುತ್ತದೆ. 700ರ ಉದ್ದಕ್ಕೆ ಆ ಲೆಕ್ಕ ಹಾಕಿದರೆ ಎತ್ತರದ ವ್ಯತ್ಯಾಸ 90 ಮಿಲಿಮೀಟರ್ ಕೂಡ ಬರುವುದಿಲ್ಲ. ಅಂದರೆ ಕೈಪಿಡಿ ಹೇಳುವ ಪೂರ್ತಿ ವ್ಯತ್ಯಾಸಕ್ಕೆ ಲೆವೆಲರ್ ಬಗ್ಗಿದಾಗ ಅದು ಫೋರ್ಕ್‌ಲಿಫ್ಟ್ ಓಡಿಸುವ ದಾರಿಯಾಗಿ ಉಳಿಯುವುದಿಲ್ಲ. ನಮ್ಮಲ್ಲಿ ಆಗುತ್ತಿರುವುದೂ ಅದೇ. ಗಾಡಿಯ ಹೊಟ್ಟೆ ಪ್ಲೇಟಿಗೆ ತಗಲುತ್ತದೆ, ಸರಕು ಮುಂದಕ್ಕೆ ವಾಲುತ್ತದೆ, ಓಡಿಸುವವರು ಹೆದರಿ ಮತ್ತೆ ಹಳೆಯ ಹಲಗೆಯನ್ನೇ ತಂದು ಇಟ್ಟುಕೊಳ್ಳುತ್ತಿದ್ದಾರೆ.

ಭಾರದ ವಿಷಯಕ್ಕೆ ಬರುತ್ತೇನೆ. ಲೆವೆಲರ್ ಮೇಲೆ 5 ಟನ್ ಅಂತ ಬರೆದಿದೆ. ನಾವು ಓಡಿಸುವುದು ಎರಡೂವರೆ ಟನ್ ಎತ್ತುವ ಫೋರ್ಕ್‌ಲಿಫ್ಟ್ ಅಂತ ಕೇಳಿದ ತಕ್ಷಣ ನಿಮ್ಮವರು ಧಾರಾಳವಾಗಿ ಸಾಕು ಅಂದುಬಿಟ್ಟರು. ಅಂಥ ಗಾಡಿಯ ಸ್ವಂತ ತೂಕವೇ ಮೂರೂವರೆ ಟನ್ನಿನ ಮೇಲಿರುತ್ತದೆ. ಸರಕು ಸೇರಿದರೆ 6 ಟನ್ ದಾಟಿತು. ಗಾಡಿ ನಿಂತಲ್ಲೇ ನಿಂತಿರುವುದೂ ಇಲ್ಲ, ಓಡುತ್ತಾ ಬಂದು ಹತ್ತುತ್ತದೆ, ಆ ಹೊಡೆತ ಬೇರೆ. ಈ ವ್ಯಾಪಾರದಲ್ಲೇ ಇರುವವರಿಗೆ ಇದನ್ನು ನಾವು ಹೇಳಿಕೊಡಬೇಕಾ?

ಇನ್ನು ಬೋಲ್ಟ್. ನಮ್ಮ ಕಟ್ಟೆಯ ಅಂಚಿನಲ್ಲಿ ಉಕ್ಕಿನ ಪಟ್ಟಿ ಇಲ್ಲ, ಬರೀ ಹಳೆಯ ಕಾಂಕ್ರೀಟ್, ಅದರಲ್ಲೂ ಕೆಲವು ಕಡೆ ಬಿರುಕು. ಅಂಥ ಕಡೆ ಮೊದಲು ಅಂಚು ಗಟ್ಟಿಮಾಡಿ, ಉಕ್ಕಿನ ಚಾನೆಲ್ ಕೂರಿಸಿ, ಅದಕ್ಕೆ ಲೆವೆಲರ್ ಬೆಸೆಯಬೇಕಿತ್ತು. ನಿಮ್ಮವರು ಅಂಚಿಗೆ ತೀರಾ ಹತ್ತಿರ ತೂತು ಕೊರೆದು ನೇರವಾಗಿ ಆಂಕರ್ ಬೋಲ್ಟ್ ಹೊಡೆದರು. ಈಗ ಕಾಂಕ್ರೀಟ್ ಚಕ್ಕೆ ಚಕ್ಕೆಯಾಗಿ ಉದುರುತ್ತಿದೆ, ಎರಡು ಬಾಗಿಲುಗಳಲ್ಲಿ ಬೋಲ್ಟ್ ಕೈಯಲ್ಲೇ ಅಲ್ಲಾಡುತ್ತದೆ. ಫೋಟೋ ಲಗತ್ತಿಸಿದ್ದೇನೆ. ಬಾಗಿಲಿಗೂ ಲಾರಿಗೂ ನಡುವಿನ ಸಂದು ಮುಚ್ಚುವ ಫೋಮ್ ಸೀಲ್ ಕೂಡ ಒಂದು ಕಡೆ ಹರಿದಿದೆ, ಯಾಕೆಂದರೆ ಲಾರಿಯ ಹೊಡೆತ ತಡೆಯಲು ಕಟ್ಟೆಗೆ ಹಾಕಿದ ಬಂಪರ್ ಮುಂದಕ್ಕೆ ಸಾಕಷ್ಟು ಚಾಚಿಲ್ಲ, ಲಾರಿ ಬಂದಾಗಲೆಲ್ಲ ಸೀಲನ್ನೇ ಜಜ್ಜುತ್ತದೆ.

ದೂರು ಕೊಟ್ಟಿದ್ದಕ್ಕೆ ಕೊನೆಗೆ ನಿಮ್ಮಿಂದ ಬಂದ ಉತ್ತರ ಏನು ಗೊತ್ತಾ? ಗುಂಡಿ ತೋಡಿಸಿ ದೊಡ್ಡ ಲೆವೆಲರ್ ಹಾಕಿಸಿಕೊಳ್ಳಿ, ಅದಕ್ಕೆ ಬೇರೆ ಕೊಟೇಶನ್ ಕಳಿಸುತ್ತೇವೆ ಅಂತ. ಇದನ್ನು ಓದಿ ನನಗೆ ನಿಜಕ್ಕೂ ಸಿಟ್ಟು ಬಂತು. ಬೇಡವೇ ಬೇಡ ಅಂತ ನಾವು ಮೊದಲ ದಿನ ಹೇಳಿದ್ದನ್ನೇ ಈಗ ಮತ್ತೆ ನಮಗೆ ಮಾರಲು ಬರುತ್ತೀರಿ.

ನೆಲ ಒಡೆಯದೆ ಇದನ್ನು ಸರಿಮಾಡಲು ಆಗುತ್ತದೆ. ಕಟ್ಟೆಯ ಮುಂದೆ ಸ್ವಂತ ಉಕ್ಕಿನ ಚೌಕಟ್ಟಿನ ಮೇಲೆ ನಿಲ್ಲುವ ಉದ್ದ ಪ್ಲೇಟಿನ ಲೆವೆಲರ್‌ಗಳಿವೆ. ಅವು ಅಂಗಳದ ಕಡೆ ಒಂದಿಷ್ಟು ಜಾಗ ತಿನ್ನುತ್ತವೆ, ಲಾರಿ ಅಷ್ಟು ದೂರದಲ್ಲಿ ನಿಲ್ಲಬೇಕು, ನಮ್ಮ ಅಂಗಳದಲ್ಲಿ ಅದಕ್ಕೆ ಜಾಗ ಇದೆ. ಒಂದು ಬಾಗಿಲನ್ನು ಸಣ್ಣ ಲಾರಿಗಳಿಗೇ ಮೀಸಲಿಟ್ಟು, ಹಿಂದಿನ ಚಕ್ರಕ್ಕೆ ಇಳಿಜಾರಿನ ದಿಮ್ಮಿ ಕೊಟ್ಟು ಎತ್ತರಿಸುವ ದಾರಿಯೂ ಇದೆ. ಇವುಗಳನ್ನು ನಿಮ್ಮವರು ಒಮ್ಮೆಯೂ ಬಾಯಿಬಿಟ್ಟು ಹೇಳಲಿಲ್ಲ.

ಈಗ ನಮಗೆ ಬೇಕಾಗಿರುವುದು ಇಷ್ಟು. ಮಾರಾಟದವರ ಬದಲು ಒಬ್ಬ ಎಂಜಿನಿಯರ್ ಬರಲಿ, ಖಾಲಿ ಲಾರಿ, ತುಂಬಿದ ಲಾರಿ ಎರಡನ್ನೂ ಅಳೆಯಲಿ, ಫೋರ್ಕ್‌ಲಿಫ್ಟ್ ಒಳಗೆ ಹೋದಾಗ ಹಾಸು ಎಷ್ಟು ಕುಸಿಯುತ್ತದೆ ಅನ್ನುವುದನ್ನೂ ನೋಡಲಿ. ದೊಡ್ಡ ಟ್ರೇಲರ್ ನಿಲ್ಲುವ ಬಾಗಿಲುಗಳಲ್ಲಿ ಅಂಚು ಗಟ್ಟಿಮಾಡಿ, ನಮ್ಮ ಭಾರ ತಡೆಯುವ ಲೆವೆಲರ್ ಕೂರಿಸಿ. ಉಳಿದ ಬಾಗಿಲುಗಳಿಂದ ನಿಮ್ಮ ಸಾಮಾನು ಬಿಚ್ಚಿಕೊಂಡು ಹೋಗಿ, ಹೊಂದುವಂಥದ್ದು ಕೊಡಿ. ಕೊಡಲು ಆಗದಿದ್ದರೆ ಆ ಬಾಗಿಲುಗಳ ಹಣ ವಾಪಸ್ ಮಾಡಿ. ಹರಿದ ಸೀಲ್, ಉದುರಿದ ಕಾಂಕ್ರೀಟ್ ರಿಪೇರಿ ನಿಮ್ಮ ಖರ್ಚಿನಲ್ಲೇ ಆಗಬೇಕು.

ಬೋಲ್ಟ್ ಅಲ್ಲಾಡುವ ಎರಡು ಬಾಗಿಲುಗಳನ್ನು ಇವತ್ತಿನಿಂದ ಮುಚ್ಚಿಸಿದ್ದೇನೆ. ಯಾರು ಬರುತ್ತಾರೆ, ಯಾವತ್ತು ಬರುತ್ತಾರೆ ಅನ್ನುವುದನ್ನು ಈ ವಾರದೊಳಗೆ ಬರವಣಿಗೆಯಲ್ಲೇ ತಿಳಿಸಿ. ಫೋನ್ ಬೇಡ.

ಇಂತಿ,
ಗೋದಾಮಿನ ಮೇಲ್ವಿಚಾರಕ