ಕೈಬರಹ ಕೆಟ್ಟ ಮಗುವನ್ನು ಬೈಯುವ ಮುಂಚೆ

ಮಾನ್ಯ ಸಂಪಾದಕರೇ,

ನನ್ನ ಮಗ ಏಳನೇ ಕ್ಲಾಸಿನಲ್ಲಿದ್ದಾಗ ಶಾಲೆಯ ಬೋರ್ಡಿನ ಮೇಲೆ ದಿನಾ ಸುಭಾಷಿತ ಬರೆಯುವ ಕೆಲಸ ಅವನದೇ. ಅಷ್ಟು ದುಂಡಗಿನ ಅಕ್ಷರ. ಒಂಬತ್ತನೇ ಕ್ಲಾಸಿಗೆ ಬರುವಷ್ಟರಲ್ಲಿ ಅವನು ಬರೆದದ್ದು ಅವನಿಗೇ ಓದಲು ಬರುತ್ತಿರಲಿಲ್ಲ. ಸೋಮಾರಿ ಅಂದರು, ಸ್ಕೇಲಿನಲ್ಲಿ ಹೊಡೆದರು. ನಾನೂ ಬೈದೆ. ಮೊಬೈಲ್ ನೋಡಿ ನೋಡಿ ಹೀಗಾಗಿದ್ದಾನೆ ಅಂದುಕೊಂಡಿದ್ದೆ.

ಆಮೇಲೆ ಮಾತು ತೊದಲತೊಡಗಿತು. ಬೆಳಿಗ್ಗೆ ಎದ್ದರೆ ದಿಂಬು ಜೊಲ್ಲಿನಿಂದ ಒದ್ದೆ. ಹದಿನಾಲ್ಕು ವರ್ಷದ ಹುಡುಗ ಅಂಗಿಯ ಗುಂಡಿ ಹಾಕಿಕೊಳ್ಳಲು ಕಾಲು ಗಂಟೆ ಒದ್ದಾಡುತ್ತಿದ್ದ. ನಾನು ಮನೆಯಲ್ಲಿ ಬಟ್ಟೆ ಹೊಲಿಯುವವಳು. ಅವನ ಯೂನಿಫಾರಂ ಗುಂಡಿಗಳನ್ನೆಲ್ಲ ಬಿಚ್ಚಿ ಟಿಚ್ ಬಟನ್ ಹಾಕಿಕೊಟ್ಟೆ. ಅದನ್ನು ಒತ್ತುವುದಕ್ಕೂ ಬೆರಳು ಕೇಳುತ್ತಿರಲಿಲ್ಲ. ದೇವರ ಹತ್ತಿರ ಹೋದೆವು, ತಾಯಿತ ಕಟ್ಟಿಸಿದೆವು. ಒಬ್ಬ ಡಾಕ್ಟರು ಮನಸ್ಸಿನ ಕಾಯಿಲೆ ಎಂದು ಮಾತ್ರೆ ಬರೆದರು. ಹೀಗೇ ಎರಡು ವರ್ಷ ಹೋಯಿತು.

ಗೊತ್ತಾಗಿದ್ದು ಕಣ್ಣಿನಿಂದ. ಅಕ್ಷರ ಗೆರೆ ಬಿಟ್ಟು ಹೋಗುತ್ತದೆ, ಕನ್ನಡಕ ಬೇಕೇನೋ ನೋಡಿಸಿ ಎಂದು ಒಬ್ಬ ಮೇಡಂ ಹೇಳಿದ್ದರು. ಕಣ್ಣಿನ ಡಾಕ್ಟರು ಯಂತ್ರದಲ್ಲಿ ಗಲ್ಲ ಇಡಿಸಿ ನೋಡಿದರು. ಕಪ್ಪು ಗುಡ್ಡೆಯ ಅಂಚಿನ ಸುತ್ತ ಕಂದು ಬಂಗಾರದ ಬಣ್ಣದ ಉಂಗುರ ಇತ್ತು. 'ಕನ್ನಡಕ ಬೇಡಮ್ಮ, ತಡ ಮಾಡದೆ ನಿಮ್ಹಾನ್ಸ್‌ಗೆ ಕರೆದುಕೊಂಡು ಹೋಗಿ' ಎಂದರು. ಆ ಪುಣ್ಯಾತ್ಮರನ್ನು ದಿನಾ ನೆನೆಯುತ್ತೇನೆ.

ಇದಕ್ಕೆ ವಿಲ್ಸನ್ ಕಾಯಿಲೆ ಎನ್ನುತ್ತಾರೆ. ದೇಹದಲ್ಲಿ ತಾಮ್ರ ಸೇರಿಕೊಳ್ಳುವ ಕಾಯಿಲೆ. ತಾಮ್ರದ ಚೊಂಬಿನಲ್ಲಿ ನೀರಿಟ್ಟು ಕುಡಿಸಿ ನಾನೇ ಹೀಗೆ ಮಾಡಿದೆನಾ ಎಂದು ಅತ್ತೆ. ಅದರಿಂದ ಅಲ್ಲ ಎಂದು ಅಲ್ಲಿಯ ಡಾಕ್ಟರು ಬಿಡಿಸಿ ಹೇಳಿದರು. ನಾವು ತಿನ್ನುವ ಕಾಳು ಬೇಳೆಯಲ್ಲೆಲ್ಲ ಚೂರು ಚೂರು ತಾಮ್ರ ಇರುತ್ತದೆ. ಲಿವರ್ ಬೇಕಾದಷ್ಟು ಇಟ್ಟುಕೊಂಡು ಉಳಿದದ್ದನ್ನು ಪಿತ್ತದ ಜೊತೆ ಹೊರಗೆ ಹಾಕುತ್ತದೆ. ಇವನಲ್ಲಿ ಆ ಬಾಗಿಲು ಹುಟ್ಟಿನಿಂದಲೇ ಕೆಟ್ಟಿತ್ತು. ತಾಮ್ರ ಮೊದಲು ಲಿವರಿನಲ್ಲಿ ತುಂಬಿತು, ಆಮೇಲೆ ಮೆದುಳಿಗೆ ಹೋಯಿತು. ಕಣ್ಣಿನಲ್ಲಿ ಕಂಡ ಆ ಉಂಗುರವೂ ತಾಮ್ರದ್ದೇ. ಐದನೇ ಕ್ಲಾಸಿನಲ್ಲಿ ಅವನಿಗೆ ಕಾಮಾಲೆ ಆಗಿತ್ತು. ನಾಟಿ ಔಷಧಿ ಕುಡಿಸಿ, ಪಥ್ಯ ಮಾಡಿಸಿ, ವಾಸಿಯಾಯಿತು ಎಂದು ಮರೆತಿದ್ದೆವು. ಅದನ್ನು ನಾನು ಹೇಳಿದಾಗ ಡಾಕ್ಟರು ಬರೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು.

ವಿಲ್ಸನ್ ಎಂಬ ಡಾಕ್ಟರು ಇದನ್ನು 1912ರಲ್ಲೇ ಲಂಡನ್ನಿನಲ್ಲಿ ಬರೆದಿಟ್ಟರು. ತಾಮ್ರವನ್ನು ಮೂತ್ರದಲ್ಲಿ ಹೊರಗೆ ಕಳಿಸುವ ಪೆನಿಸಿಲ್ಲಮೈನ್ ಮಾತ್ರೆ 1956ರಿಂದ ಇದೆ. ನರದ ಕಾಯಿಲೆಗಳಲ್ಲಿ ಇಷ್ಟು ಚೆನ್ನಾಗಿ ಮದ್ದಿಗೆ ಬಗ್ಗುವಂಥವು ಕಡಿಮೆ. ಅಂಥ ಕಾಯಿಲೆಯಲ್ಲಿ ನನ್ನ ಮಗನ ಎರಡು ವರ್ಷ ಸುಮ್ನೆ ಹೋಯಿತಲ್ಲ ಎನ್ನುವುದೇ ನನ್ನ ಸಂಕಟ. ರಕ್ತದಲ್ಲಿ ತಾಮ್ರವನ್ನು ಹೊರುವ ಸೆರುಲೋಪ್ಲಾಸ್ಮಿನ್ ಎಂಬ ಪ್ರೋಟೀನು ಎಷ್ಟಿದೆ ನೋಡಬೇಕು, ಇಡೀ ದಿನದ ಮೂತ್ರ ಕ್ಯಾನಿನಲ್ಲಿ ಹಿಡಿದು ತಾಮ್ರ ಅಳೆಯಬೇಕು, ಕಣ್ಣು ನೋಡಬೇಕು. ಇವು ಮೊದಲ ಪರೀಕ್ಷೆಗಳು.

ಮಾತ್ರೆ ಶುರು ಮಾಡಿದ ಮೇಲೆ ನಡುಕ ಜಾಸ್ತಿಯಾಯಿತು. ನಿಲ್ಲಿಸಿಬಿಡೋಣ ಎಂದರು ಮನೆಯವರು. ಆ ಹೆದರಿಕೆ ಬೇರೆ ಮನೆಗಳಲ್ಲೂ ಇರಬಹುದು, ಅದಕ್ಕೇ ಹೇಳುತ್ತಿದ್ದೇನೆ: ಕೆಲವರಿಗೆ ಮೊದಲು ಹೀಗಾಗುತ್ತದೆ. ಡಾಕ್ಟರಿಗೆ ತಕ್ಷಣ ತಿಳಿಸಬೇಕು, ನಾವಾಗೇ ಬಿಡಬಾರದು. ಇದು ಜೀವನಪೂರ್ತಿ ನುಂಗುವ ಮಾತ್ರೆ. ಚೆನ್ನಾಗಿದ್ದೇನೆ ಎಂದು ಬಿಟ್ಟವರ ಲಿವರ್ ಕೈಕೊಟ್ಟು ಜೀವವೇ ಹೋಗಬಹುದು. ಈಗ ಒಂದೂವರೆ ವರ್ಷವಾಯಿತು. ಮಗ ನಿಧಾನವಾಗಿ ಮಾತಾಡುತ್ತಾನೆ, ಅರ್ಥವಾಗುತ್ತದೆ. ಗುಂಡಿ ತಾನೇ ಹಾಕಿಕೊಳ್ಳುತ್ತಾನೆ. ಆದರೆ ನಮ್ಮ ಊರಿನ ಮೆಡಿಕಲ್ ಶಾಪುಗಳಲ್ಲಿ ಆ ಮಾತ್ರೆ ಸಿಗುವುದಿಲ್ಲ. ಪ್ರತಿ ಸಲ ಬೆಂಗಳೂರಿನಿಂದಲೇ ತರಬೇಕು. ಜಿಲ್ಲಾ ಆಸ್ಪತ್ರೆಗಳಲ್ಲಾದರೂ ಇಟ್ಟರೆ ನಮ್ಮಂಥವರ ಒಂದು ದಿನದ ದುಡಿಮೆ ಉಳಿಯುತ್ತದೆ.

ಇನ್ನೊಂದು ಮಾತು. ನಾನು ಮದುವೆಯಾದದ್ದು ನನ್ನ ಸೋದರಮಾವನನ್ನು. ಅಪ್ಪ ಅಮ್ಮ ಇಬ್ಬರಲ್ಲೂ ಈ ದೋಷ ಅಡಗಿದ್ದರೆ ಮಾತ್ರ ಮಗುವಿಗೆ ಕಾಯಿಲೆ ಬರುತ್ತದೆ. ಹೊರಗಿನ ಸಂಬಂಧದಲ್ಲೂ ಬರಬಹುದು, ರಕ್ತಸಂಬಂಧದಲ್ಲಿ ಸಾಧ್ಯತೆ ಜಾಸ್ತಿ. ಒಂದು ಮಗುವಿಗೆ ಬಂದರೆ ಅದರ ಅಣ್ಣ ತಮ್ಮ ಅಕ್ಕ ತಂಗಿ ಪ್ರತಿಯೊಬ್ಬರಿಗೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಆಡಿಕೊಂಡು ಓಡಿಕೊಂಡಿದ್ದ ನನ್ನ ಮಗಳಿಗೂ ಪರೀಕ್ಷೆ ಮಾಡಿಸಿದರು. ಅವಳಿಗೂ ಇದೆ. ಆದರೆ ಬೇಗ ಸಿಕ್ಕಿತು. ಜಿಂಕ್ ಮಾತ್ರೆ ತೆಗೆದುಕೊಳ್ಳುತ್ತಾಳೆ, ಖೋ ಖೋ ಆಡುತ್ತಾಳೆ.

ಶಾಲೆಗಳಿಗೆ ಆರೋಗ್ಯ ತಪಾಸಣೆಗೆ ಬರುವ ತಂಡದವರು ಹಲ್ಲು, ಕಣ್ಣು, ತೂಕ ನೋಡುತ್ತಾರೆ. ಜೊತೆಗೆ ಮೇಷ್ಟ್ರುಗಳನ್ನು ಒಂದು ಪ್ರಶ್ನೆ ಕೇಳಲಿ: ಮೊದಲು ಚೆನ್ನಾಗಿ ಬರೆಯುತ್ತಿದ್ದ, ಚೆನ್ನಾಗಿ ಮಾತಾಡುತ್ತಿದ್ದ ಯಾವ ಮಗುವಾದರೂ ಈಗ ಹಿಂದೆ ಬಿದ್ದಿದೆಯಾ? ಇದಕ್ಕೆ ಖರ್ಚಿಲ್ಲ ಅಲ್ವಾ? ಮಗನ ಏಳನೇ ಕ್ಲಾಸಿನ ಕಾಪಿ ಪುಸ್ತಕ, ಒಂಬತ್ತನೇ ಕ್ಲಾಸಿನ ನೋಟ್ಸ್ ಎರಡೂ ನನ್ನ ಹತ್ತಿರ ಇವೆ. ನಮ್ಮ ತಾಲ್ಲೂಕಿನ ಯಾವ ಶಾಲೆಯವರು ಕರೆದರೂ ತಂದು ತೋರಿಸುತ್ತೇನೆ.

– ಒಬ್ಬ ತಾಯಿ, ಹಿರಿಯೂರು ತಾಲ್ಲೂಕು