ಅಕ್ಕನಿಗೆ, ಅಪ್ಪನ ಇನ್ಹೇಲರ್ ವಿಚಾರವಾಗಿ

ಪ್ರೀತಿಯ ಅಕ್ಕನಿಗೆ,

ನಮಸ್ಕಾರ. ನಾನು ಕ್ಷೇಮ, ನೀವೆಲ್ಲ ಕ್ಷೇಮ ಅಂದುಕೊಂಡಿದ್ದೇನೆ. ಚಿಂಟು ಪರೀಕ್ಷೆ ಮುಗೀತಾ? ಉಳಿದ ಸುದ್ದಿ ಆಮೇಲೆ, ಮೊದಲು ಅಪ್ಪನ ವಿಷಯ.

"ಈಗ ಉಬ್ಬಸ ಇಲ್ಲವಲ್ಲ, ಇನ್ಹೇಲರ್ ದಿನಾ ಯಾಕೆ? ದಮ್ಮು ಕಟ್ಟಿದಾಗ ಎಳೆದುಕೊಂಡರಾಯ್ತು" ಅಂತಾರೆ ಅಂತ ಬರೆದಿದ್ದೀಯ. ಓದಿದಾಗಿಂದ ತಲೆಯಲ್ಲಿ ಅದೇ ಕೊರೀತಿದೆ. ಉಬ್ಬಸ ಕಡಿಮೆಯಾಗಿರೋದೇ ಅದನ್ನು ದಿನಾ ತಗೊಂಡಿದ್ದರಿಂದ ಅಂತ ಅವರಿಗೆ ಹೇಳೋರು ಯಾರು!

ಅವರು ಇನ್ಹೇಲರಿಗೆ ಹಾಕಿ ಎಳೆಯೋ ಪುಡಿ ಕ್ಯಾಪ್ಸೂಲಿನಲ್ಲಿ ಎರಡು ಔಷಧಿ ಸೇರಿದೆ. ಫ್ಲುಟಿಕಾಸೋನ್ ಶ್ವಾಸನಾಳದ ಒಳಗಿನ ಊತ ಇಳಿಸುತ್ತೆ, ಅದೂ ನಿಧಾನಕ್ಕೆ, ದಿನಗಟ್ಟಲೆ ಬಿಡದೆ ತಗೊಂಡರೆ. ಸಾಲ್ಮೆಟರಾಲ್ ಬಿಗಿದುಕೊಂಡ ನಾಳವನ್ನು ಸಡಿಲ ಮಾಡಿ ಸುಮಾರು 12 ಗಂಟೆ ಹಾಗೇ ಇಡುತ್ತೆ. ಬೆಳಿಗ್ಗೆ ಒಂದು, ರಾತ್ರಿ ಒಂದು ಅಂತ ಬರೆದುಕೊಟ್ಟಿರೋದು ಅದಕ್ಕೇ. ದಮ್ಮು ಕಟ್ಟಿದ ಹೊತ್ತಿಗೆ ಈ ಕ್ಯಾಪ್ಸೂಲು ಕೈಕೊಡುತ್ತೆ. ಆಗ ಬೇಕಾಗೋದು ಸಾಲ್ಬುಟಮಾಲ್ ಪಂಪು, ಕೆಲವೇ ನಿಮಿಷಕ್ಕೆ ಉಸಿರಾಟ ಸಲೀಸು ಮಾಡುತ್ತೆ. ಪಂಪು ಅವರ ಜೇಬಿನಲ್ಲೇ ಇರಲಿ. ಅದಕ್ಕೂ ಜಗ್ಗದೆ, ಒಂದು ವಾಕ್ಯ ಪೂರ್ತಿ ಮಾತಾಡೋಕೂ ಆಗದಿದ್ದರೆ ನನಗೆ ಫೋನ್ ಮಾಡ್ತಾ ಕೂರಬೇಡ, ಸೀದಾ ಆಸ್ಪತ್ರೆಗೆ ಕರಕೊಂಡು ಹೋಗು.

ಇನ್ನು ಮಾವ ಹೇಳಿದ್ದು, "ಸ್ಟೀರಾಯ್ಡ್, ಚಟ ಹತ್ತುತ್ತೆ" ಅಂತ. ಚಟ ಗಿಟ ಏನೂ ಹತ್ತಲ್ಲ. ಸ್ಟೀರಾಯ್ಡ್ ಮಾತ್ರೆಯನ್ನು ಮಿಲಿಗ್ರಾಂನಲ್ಲಿ ಅಳೀತಾರೆ, ಅಪ್ಪನ ಫ್ಲುಟಿಕಾಸೋನನ್ನು ಅದರ ಸಾವಿರದ ಒಂದು ಪಾಲಾದ ಮೈಕ್ರೋಗ್ರಾಂನಲ್ಲಿ. ಬಹುಪಾಲು ಕೆಲಸ ಶ್ವಾಸಕೋಶದಲ್ಲೇ. ತೊಂದರೆಯೇ ಇಲ್ಲ ಅಂತಲ್ಲ. ಗಂಟಲು ಕೂರಬಹುದು, ಬಾಯೊಳಗೆ ಬೆಳ್ಳಗೆ ಫಂಗಸ್ ಕಟ್ಟಬಹುದು. ಅದಕ್ಕೇ ಪ್ರತಿ ಸಲ ನೀರಲ್ಲಿ ಬಾಯಿ ಮುಕ್ಕಳಿಸಿ ಉಗೀಬೇಕು, ನುಂಗಬಾರದು. ಅಪ್ಪನದು ಬರೀ ಆಸ್ತಮಾ ಅಲ್ಲ, ಸಿಗರೇಟಿನಿಂದ ಬಂದ ಸಿಒಪಿಡಿ, ಅಂದರೆ ಶ್ವಾಸನಾಳ ಕಾಯಂ ಕಿರಿದಾಗೋ ಕಾಯಿಲೆ. ಅಂಥವರಿಗೆ ಈ ಔಷಧಿಯಿಂದ ನ್ಯುಮೋನಿಯಾ ಆಗೋ ಸಾಧ್ಯತೆ ಸ್ವಲ್ಪ ಹೆಚ್ಚು. ಜ್ವರ ಬಂದರೆ, ಕಫದ ಬಣ್ಣ ತಿರುಗಿದರೆ ತಡ ಮಾಡದೆ ಡಾಕ್ಟರಿಗೆ ತೋರಿಸು. ಹಾಗಂತ ತಾವಾಗಿ ನಿಲ್ಲಿಸೋದು ಬೇಡ, ಬೇಕಾದರೆ ಡಾಕ್ಟರೇ ಬದಲಾಯಿಸಲಿ.

ಎಳೆಯೋವಾಗ ಒಂದು ಸಲ ಪಕ್ಕದಲ್ಲಿ ನಿಂತು ನೋಡು. ಮೊದಲು ಉಸಿರು ಪೂರ್ತಿ ಹೊರಗೆ ಬಿಡಬೇಕು, ಆದರೆ ಇನ್ಹೇಲರಿನೊಳಕ್ಕಲ್ಲ. ಬಾಯಿಯ ತೇವಕ್ಕೆ ಪುಡಿ ಮುದ್ದೆಯಾಗುತ್ತೆ. ಆಮೇಲೆ ತುಟಿ ಬಿಗಿಯಾಗಿ ಮುಚ್ಚಿ ಜೋರಾಗಿ, ಆಳವಾಗಿ ಎಳೆದು, 10 ಸೆಕೆಂಡ್ ಹಿಡೀಬೇಕು. ಬಿಚ್ಚಿ ನೋಡಿದಾಗ ಪುಡಿ ಉಳಿದಿದ್ದರೆ ಇನ್ನೊಂದು ಸಲ ಎಳೆಯಲಿ. ಪಂಪಿನದು ಬೇರೆ ರೀತಿ, ಅದನ್ನು ನಿಧಾನಕ್ಕೆ ಎಳೀಬೇಕು. ಅಪ್ಪ ಎರಡನ್ನೂ ಒಂದೇ ಥರ ಎಳೀತಾರೆ ಅಂತ ನನಗೆ ಗುಮಾನಿ. ಕ್ಯಾಪ್ಸೂಲನ್ನು ನೀರಲ್ಲಿ ನುಂಗ್ತಿಲ್ಲ ತಾನೆ? ಬಚ್ಚಲಮನೆಯಲ್ಲೂ ಇಡಬೇಡ.

ಇಲ್ಲಿ ಒಂದು ತಮಾಷೆ ಇದೆ. ನನ್ನ ಆಸ್ತಮಾ ತಪಾಸಣೆಗೆ ಹೋದರೆ ನರ್ಸಮ್ಮ ಕೈಗೊಂದು ಪೀಪಿ ಕೊಟ್ಟು ಎಳಿ ಅಂತಾರೆ. ಸಾಕಷ್ಟು ಜೋರಾಗಿ ಎಳೆದರೆ ಮಾತ್ರ ಅದು ಕೂಗೋದು. ದೊಡ್ಡ ಆಸಾಮಿಗಳೆಲ್ಲ ಸಾಲಾಗಿ ಕೂತು ಪೀಪಿ ಊದೋ ಹುಡುಗರ ಥರ ಕಾಯ್ತಿರ್ತೀವಿ. ನಗಬೇಡ, ನಾನು ಪಾಸು! ಖಾಲಿ ಇನ್ಹೇಲರನ್ನೂ ಕಸಕ್ಕೆ ಹಾಕದೆ ಔಷಧಿ ಅಂಗಡಿಗೇ ವಾಪಸ್ ಕೊಡ್ತೀವಿ.

ನನ್ನ ಬಗ್ಗೆ ಯೋಚನೆ ಬೇಡ. ಆರಾಮಾಗಿದ್ದೀನಿ, ಮೆಟ್ಟಿಲು ಹತ್ತಿದರೂ ಏದುಸಿರಿಲ್ಲ, ನಿಜವಾಗಿ ಏನೂ ಇಲ್ಲ, ಅಮ್ಮನಿಗೂ ಹಾಗೇ ಹೇಳು. ಭಾನುವಾರ ರಾತ್ರಿ ಅಪ್ಪ ಔಷಧಿ ತಗೊಳ್ಳೋ ಹೊತ್ತಿಗೆ ವಿಡಿಯೋ ಕಾಲ್ ಮಾಡ್ತೀನಿ, ಔಷಧಿ ಪೆಟ್ಟಿಗೆ ಹತ್ತಿರ ಇಟ್ಟುಕೊಂಡಿರು. ನಾನು ಹೇಳಿದೆ ಅಂದರೆ ಅವರಿಗೆ ಸಿಟ್ಟು ಬರುತ್ತೆ, ಡಾಕ್ಟರು ಹೇಳಿದರು ಅನ್ನು.

ಕೆಲಸಕ್ಕೆ ಹೊತ್ತಾಯ್ತು. ಭಾವನಿಗೆ ಕೇಳಿದೆ ಅಂತ ಹೇಳು.

ನಿನ್ನ ತಮ್ಮ,
ರವಿ