ಕಳೆದುಹೋದ ರೀಲು

ಗೆಳೆಯಾ,

ನಿನ್ನೆ ರಾತ್ರಿ ಒಬ್ಬನೇ ಕುಳಿತು ‘ಪ್ಲಾನೆಟ್ ಟೆರರ್’ ನೋಡಿದೆ. ರಾಬರ್ಟ್ ರೊಡ್ರಿಗಸ್ 2007ರಲ್ಲಿ ಮಾಡಿದ ಜೋಂಬಿ ಸಿನಿಮಾ. ಟೆಕ್ಸಾಸ್‌ನ ಒಂದು ಊರಿನಲ್ಲಿ ವಿಷಗಾಳಿ ಹರಡಿ ಜನ ಕೊಳೆಯುತ್ತಲೇ ನಡೆದಾಡುತ್ತಾರೆ. ಕಾಲು ಕಳೆದುಕೊಂಡ ನಾಯಕಿ ಆ ಜಾಗಕ್ಕೆ ಮೆಷಿನ್‌ಗನ್ ಸಿಕ್ಕಿಸಿಕೊಂಡು ಹೋರಾಡುತ್ತಾಳೆ. ಹತ್ತನೇ ತರಗತಿಯ ನೀನಾಗಿದ್ದರೆ ಬೆಂಚು ಹತ್ತಿ ಶಿಳ್ಳೆ ಹೊಡೆಯುತ್ತಿದ್ದೆ.

ರಕ್ತ, ಕೀವಿಗೆ ಕಣ್ಣು ಬೇಗ ಒಗ್ಗಿತು. ಗೀರುಗಳಿಗೆ ಒಗ್ಗಲಿಲ್ಲ. ಎಪ್ಪತ್ತರ ದಶಕದಲ್ಲಿ ಅಮೆರಿಕದ ಅಗ್ಗದ ಚಿತ್ರಮಂದಿರಗಳಿಗೆ ಊರೂರು ಸುತ್ತಿ ಸವೆದ ಪ್ರಿಂಟುಗಳು ಬರುತ್ತಿದ್ದವು. ಹಾಗೇ ಕಾಣಲೆಂದು, ಡಿಜಿಟಲ್ ಕ್ಯಾಮೆರಾದಲ್ಲಿ ಚೊಕ್ಕಟವಾಗಿ ತೆಗೆದ ಚಿತ್ರಕ್ಕೆ ಆಮೇಲೆ ಗೀರು, ಕಲೆ, ಜಿಗಿತ ಎಲ್ಲವನ್ನೂ ಸೇರಿಸಿದ್ದಾರೆ. ಬೇಕೆಂದೇ ಮಾಡಿದ್ದೆಂದು ಗೊತ್ತಿದ್ದರೂ ಮೂಗಿಗೆ ಆ ಅಂಟಿನ ವಾಸನೆ ಬಂದೇಬಿಟ್ಟಿತು. ಟೆಂಟ್ ಸಿನಿಮಾದ ಕ್ಯಾಬಿನ್‌ನಲ್ಲಿ ನಿನ್ನ ಅಪ್ಪಾಜಿ ತುಂಡಾದ ರೀಲಿನ ಅಂಚನ್ನು ಬ್ಲೇಡಿನಿಂದ ಹೆರೆದು, ಅಂಟು ಸವರಿ, ಹೆಬ್ಬೆರಳಿನಲ್ಲಿ ಒತ್ತಿ ಹಿಡಿದು ಹತ್ತರವರೆಗೆ ಎಣಿಸುತ್ತಿದ್ದರು. ಹೊರಗೆ ಜನ ಎಷ್ಟೇ ಕೂಗಲಿ, ಏಳಕ್ಕೆ ಕೈ ಬಿಟ್ಟವರಲ್ಲ.

ಸಿನಿಮಾದ ನಡುವೆ, ನಾಯಕ ನಾಯಕಿ ಹತ್ತಿರವಾದ ಹೊತ್ತಿಗೆ, ಫಿಲ್ಮ್ ಸುಟ್ಟುಹೋಗಿ ‘ರೀಲು ಕಳೆದುಹೋಗಿದೆ’ ಎಂಬ ಫಲಕ ಬರುತ್ತದೆ. ಮತ್ತೆ ಚಿತ್ರ ಶುರುವಾದಾಗ ಹೋಟೆಲು ಹೊತ್ತಿ ಉರಿಯುತ್ತಿದೆ, ಊರಿನ ಪೊಲೀಸ್ ಅಧಿಕಾರಿ ಶೆರಿಫ್ ಗಾಯಗೊಂಡಿದ್ದಾನೆ, ಅಲ್ಲಿಯವರೆಗೆ ನಾಯಕನನ್ನು ನಂಬದಿದ್ದವನು ಈಗ ಅವನ ಕೈಗೇ ಬಂದೂಕು ಕೊಡಿಸುತ್ತಾನೆ. ಮಧ್ಯೆ ನಾಯಕ ಅವನಿಗೆ ಏನೋ ಹೇಳಿಕೊಂಡಿದ್ದಾನೆ. ನಮ್ಮ ಕಿವಿಗೆ ಅದು ಬೀಳುವುದೇ ಇಲ್ಲ.

ಅಲ್ಲಿ ನಿಲ್ಲಿಸಿ ಎದ್ದು ನೀರು ಕುಡಿದೆ. ಮುಂದೆ ನೋಡಿದ್ದು ಮನಸ್ಸಿಗೆ ಹತ್ತಲಿಲ್ಲ.

ಅಪ್ಪಾಜಿ ಆಸ್ಪತ್ರೆಯಲ್ಲಿದ್ದ 11 ದಿನವೂ ನಾನು ಊರಿನಲ್ಲೇ ಇದ್ದೆ. ಕೆಲಸದ ಮೇಲೆ ಹೊರಗಿದ್ದೇನೆ ಎಂದು ನಿನಗೆ ಹೇಳಿದ್ದು ಸುಳ್ಳು. ಆ ಕೈ ನಡುಗುವುದನ್ನು ನೋಡಲು ನನಗೆ ಧೈರ್ಯವಿರಲಿಲ್ಲ. ಒಂದು ಸಂಜೆ ಎರಡು ಎಳನೀರು ಹಿಡಿದುಕೊಂಡು ಗೇಟಿನವರೆಗೆ ಬಂದು, ಕಾವಲುಗಾರನ ಕೈಗೆ ಕೊಟ್ಟು ಹಿಂತಿರುಗಿದೆ. ತಿಥಿಗೆ ಬಂದಾಗ ನೀನು ಏನೂ ಕೇಳದೆ ನನ್ನ ಎಲೆಗೆ ಎರಡನೇ ಸಲ ಪಾಯಸ ಬಡಿಸಿದೆ. ಆ 11 ದಿನದ ಮಾತು ನಮ್ಮ ನಡುವೆ ಇವತ್ತಿಗೂ ಬಂದಿಲ್ಲ.

ಎಲ್ಲರೂ ಓದುವ ಕಡೆ ಸಿನಿಮಾದ ಬಗ್ಗೆ ನಾಲ್ಕು ಸಾಲು ಬರೆಯೋಣ ಎಂದಷ್ಟೇ ಕುಳಿತಿದ್ದೆ. ಬಂದದ್ದು ಬಂದಿತು, ಅಳಿಸುವುದಿಲ್ಲ.

ಭಾನುವಾರ ಬರುತ್ತೇನೆ, ಇನ್ನೊಮ್ಮೆ ಇಬ್ಬರೂ ನೋಡೋಣ. ಕಡಲೆಕಾಯಿ ನಾನು ತರುತ್ತೇನೆ. ಕಂಬದ ಪಕ್ಕದ ಜಾಗ ನಿನಗೇ. ಮಂಜಣ್ಣನ ಕೊಡೆಯ ವಿಷಯವನ್ನು ಮಾತ್ರ ಅಮ್ಮನ ಮುಂದೆ ಎತ್ತಬೇಡ.

ನಿನ್ನವನು